ನಲವತ್ತೆಂಟು

ಸೇಂಟ್ ಅಲೋಶಿಯಸ್, ಕಾನ್ಸಾಸ್
ಬುಧವಾರ, ಜೂನ್ 4, 1986
ಬೆಳಿಗ್ಗೆ ಹತ್ತೂವರೆ

ಪ್ರೀತಿಯ ಮಗ ಗೇಲನ್,

ಮೊದಲು ನಿನ್ನ ಮೊಣಕಾಲಿನ ಸಮಾಚಾರ ಬರೆ. ಅಂಚೆಯಲ್ಲಿ ಬರುವ ಬೇಸ್‌ಬಾಲ್ ವಾರಪತ್ರಿಕೆಯ ಕೊನೆಯ ಪುಟವನ್ನು ನಾನು ಹೇಗೆ ಓದುತ್ತೇನೆಂದು ನಿನಗೆ ಗೊತ್ತು. ಭೂತಗನ್ನಡಿ ಹಿಡಿದು, ಉಸಿರು ಬಿಗಿಹಿಡಿದು, ಬೇರೆಯವರು ಸಾವಿನ ಸುದ್ದಿ ಓದುವ ಹಾಗೆ. ಯಾರನ್ನು ಮೇಲಿನ ತಂಡಕ್ಕೆ ಕರೆದರು, ಯಾರನ್ನು ಕೆಳಗಿಳಿಸಿದರು, ಯಾರನ್ನು ಬಿಟ್ಟೇ ಬಿಟ್ಟರು, ಎಲ್ಲ ಸೂಜಿಮೊನೆಯಷ್ಟು ಅಕ್ಷರದಲ್ಲಿ. ಈ ವಾರ ಅಲ್ಲಿ ‘ಜಿ. ಡ್ರೈಲಿಂಗ್, ಕ್ಯಾಚರ್, ಎಡ ಮೊಣಕಾಲು, ಗಾಯಾಳುಗಳ ಪಟ್ಟಿಗೆ’ ಎಂದಿತ್ತು. ಮಾರನೆಯ ದಿನವೇ ನಿನ್ನ ಕಾರ್ಡು ಬಂತು: ‘ಅಮ್ಮಾ, ಕಾಲು ಗಟ್ಟಿಯಾಗೇ ಇದೆ. ಮೇಲಿಂದ ಒಬ್ಬ ಕ್ಯಾಚರ್‌ನ ಕೆಳಗೆ ಇಳಿಸಿದ್ರು, ಅವನಿಗೆ ಜಾಗ ಬೇಕಿತ್ತು, ಅದಕ್ಕೆ ಕಾಗದದ ಮೇಲೆ ನನ್ನ ಕಾಲು ಮುರಿದ್ರು, ಅಷ್ಟೆ.’ ಅಷ್ಟೆ ಅಂತೆ! ಗಟ್ಟಿ ಕಾಲಿನವನನ್ನೇ ಹೆತ್ತೆ, ಇವರು ಜಾಗ ಸಾಲದೆಂದು ಪತ್ರಿಕೆಯಲ್ಲಿ ಹಾಕಿಸಿ ಕುಂಟಿಸುತ್ತಾರೆ. ಚರ್ಚಿನಲ್ಲಿ ಮೂವರು ಹೆಂಗಸರು ನನ್ನ ಕೈ ಹಿಡಿದು ‘ಪಾಪ, ಗೇಲನ್ ಕಾಲು’ ಎಂದರು. ಅದು ಸುಳ್ಳು ಗಾಯ ಎನ್ನಲೂ ಆಗದೆ, ಹೌದು ಎನ್ನಲೂ ಆಗದೆ, ಕೆಮ್ಮಿ ತಪ್ಪಿಸಿಕೊಂಡೆ. ಟೆನೆಸಿಯ ಸೆಖೆಯಲ್ಲಿ ನೀರು ಚೆನ್ನಾಗಿ ಕುಡಿ. ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಮಲಗಬೇಡ, ಕತ್ತು ಹಿಡಿದುಕೊಳ್ಳುತ್ತದೆ.

ಇಲ್ಲಿ ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಬರೆದಿದ್ದೇನೆ. ನಿಮ್ಮಪ್ಪನ ಸ್ಥಿತಿಯನ್ನು ಏನು ಹೇಳಲಿ. ಇವತ್ತು ಡ್ರಾಫ್ಟಿನ ಮೂರನೇ ದಿನ. ಶಾಲೆ ಕಾಲೇಜಿನ ಹುಡುಗರನ್ನು ಕ್ಲಬ್ಬುಗಳು ಸುತ್ತು ಸುತ್ತಾಗಿ ಆರಿಸಿಕೊಳ್ಳುವ ಈ ಮೂರು ದಿನ ನಿಮ್ಮಪ್ಪ ಕೂತಲ್ಲಿ ಕೂರುವುದಿಲ್ಲವೆಂದು ನಿನಗೆ ಚಿಕ್ಕಂದಿನಿಂದ ಗೊತ್ತು. ಆದರೆ ಈ ವರ್ಷದ ಚಡಪಡಿಕೆಯೇ ಬೇರೆ. ಫೋನಿನ ತಂತಿ ಹನ್ನೆರಡು ಅಡಿ ಇದೆ. ಅದು ಎಳೆಯುವವರೆಗೆ ಪಾತ್ರೆ ತೊಳೆಯುವ ತೊಟ್ಟಿಯ ತನಕ ಹೋಗುತ್ತಾರೆ, ವಾಪಸ್ಸು ಬರುತ್ತಾರೆ, ಮತ್ತೆ ಹೋಗುತ್ತಾರೆ. ಹೊಸ ಹುಡುಗರನ್ನು ಹುಡುಕಿಕೊಡುವ ಸ್ಕೌಟ್ ಆಗಿ ಇವರು ದುಡಿಯುವ ಕ್ಲಬ್ಬಿನ ಕಚೇರಿಯ ಹೆಂಗಸು ಐದಾರು ಸುತ್ತಿಗೊಮ್ಮೆ ಫೋನ್ ಮಾಡಿ ನಮ್ಮ ಕ್ಲಬ್ಬು ಆರಿಸಿದ ಹೆಸರುಗಳನ್ನು ಓದುತ್ತಾಳೆ. ಇವರು ಹಳೇ ಲಕೋಟೆಗಳ ಹಿಂದೆ ಗೀಚಿಕೊಳ್ಳುತ್ತಾರೆ. ಮೊದಲ ಸುತ್ತಿಗೆ ಟೆಕ್ಸಸ್‌ನ, ಎಡಗೈಯಲ್ಲಿ ಚೆಂಡೆಸೆಯುವ ಪಿಚರ್. ಆಮೇಲೊಬ್ಬ ಓಟಗಾರ. ನಾಲ್ಕನೆಯದಕ್ಕೆ ಜಾರ್ಜಿಯಾದ ಕಾಲೇಜಿನಿಂದ ಒಬ್ಬ ಕ್ಯಾಚರ್, ನಿನ್ನ ಹಾಗೇ ಪಿಚರ್ ಎಸೆದದ್ದನ್ನು ಕೂತು ಹಿಡಿಯುವವನು. ಆ ಹೆಸರು ಗೀಚುವಾಗ ಇವರು ನನ್ನ ಕಡೆ ನೋಡಲಿಲ್ಲ. ನಾನೂ ಬೀನ್ಸ್ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ. ಕೆಳಗಿಂದ ಒಬ್ಬ ಕ್ಯಾಚರ್ ಹತ್ತಿದರೆ ಮೇಲೆ ಇನ್ನೊಬ್ಬ ಜಾರಬೇಕೆನ್ನುವುದನ್ನು ಈ ಮನೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೀನೇ ಒಮ್ಮೆ ನಗುತ್ತಾ ಹೇಳಿದ್ದೆ: ‘ಮ್ಯಾನೇಜರ್ ಕರೆದು ಕೂತ್ಕೋ ಅಂದ್ರೆ ಮೇಲಕ್ಕೆ ಅಮ್ಮಾ, ಬಾಗಿಲು ಹಾಕು ಅಂದ್ರೆ ಮನೆಗೆ.’ ಅವತ್ತಿನಿಂದ ನನಗೆ ಯಾರ ಮನೆಯಲ್ಲಿ ಬಾಗಿಲು ಹಾಕಿದ ಸದ್ದು ಕೇಳಿದರೂ ಆಗುವುದಿಲ್ಲ.

ತಾಳು, ಫೋನು.

ಇಪ್ಪತ್ತಾರನೇ ಸುತ್ತು ಮುಗಿಯಿತಂತೆ. ನಿಮ್ಮಪ್ಪ ಹೆಸರುಗಳನ್ನು ಕೇಳಿ, ‘ಒಕ್ಲಹೋಮದವನು ಯಾರೂ ಇಲ್ವಾ?’ ಎಂದರು. ಇಲ್ಲವೆಂದಳು. ಫೋನಿಟ್ಟು ಅಂಗಳಕ್ಕೆ ಹೋದರು. ಗೋಧಿ ಹಣ್ಣಾಗಿ ನಿಂತಿದೆ, ಎದುರು ಹೊಲದವರು ಇನ್ನೇನು ಕಟಾವಿಗೆ ಯಂತ್ರ ಇಳಿಸುತ್ತಾರೆ, ಆಲಿಕಲ್ಲು ಬೀಳದಿರಲಿ ಎಂದು ಊರಿಗೆ ಊರೇ ಆಕಾಶ ನೋಡುತ್ತಿದೆ. ಇವರೊಬ್ಬರು ನೆಲ ನೋಡಿಕೊಂಡು ನಡೆಯುತ್ತಿದ್ದಾರೆ. ಕಿಟಕಿಯಿಂದ ಕಾಣುತ್ತಿದೆ.

ಆ ಒಕ್ಲಹೋಮದವನ ಹೆಸರು ಕರ್ಟಿಸ್ ಹಾರ್ಜೊ. ಮಾರ್ಚಿನಲ್ಲಿ ಯಾವುದೋ ಪಿಚರನ್ನು ನೋಡಲು ಸೆಮಿನೋಲ್ ಕಡೆಯ ಒಂದು ಸಣ್ಣ ಶಾಲೆಗೆ ಹೋಗಿದ್ದರು. ಆ ಪಿಚರ್ ಏನೂ ಇಲ್ಲವಂತೆ, ಆದರೆ ಅವನ ಚೆಂಡು ಹಿಡಿಯುತ್ತಿದ್ದವನನ್ನು ನೋಡಿ ನಿಮ್ಮಪ್ಪ ತಣ್ಣಗೆ ಹೊರಗೆ ನಡೆದು, ಕಾರನ್ನು ಕಾಳಿನ ಕಣಜದ ಹಿಂದೆ ನಿಲ್ಲಿಸಿ ಬಂದರಂತೆ. ಬೇರೆ ಕ್ಲಬ್ಬಿನ ಸ್ಕೌಟುಗಳು ಆ ಹಸಿರು ಫೋರ್ಡ್ ನೋಡಿದರೆ ಇಲ್ಲೇನೋ ಇದೆ ಎಂದು ನಾಳೆಯೇ ಬಂದು ಸಾಲಾಗಿ ಕೂರುತ್ತಾರಲ್ಲ, ಅದಕ್ಕೆ. ಗಡಿಯಾರವನ್ನು ಕೋಟಿನ ಜೇಬಿನೊಳಗೇ ಒತ್ತಿ ಹುಡುಗನ ಎಸೆತದ ವೇಗ ಅಳೆದರಂತೆ. ಅರವತ್ತೊಂದು ವರ್ಷದ ಮನುಷ್ಯ, ಕೋಳಿ ಕಳ್ಳನ ಹಾಗೆ. ಮನೆಗೆ ಬಂದವರೇ ಟೋಪಿಯನ್ನೂ ತೆಗೆಯದೆ ಬಿಸಿ ಬಿಯರಾಕ್ ಬನ್ನೊಂದನ್ನು ಮುರಿದು, ಒಳಗಿನ ಕೋಸು ತಟ್ಟೆಗೆ ಉದುರುತ್ತಿದ್ದರೂ ತಿನ್ನದೆ ಹೇಳಿದರು: ‘ರೋಸಾಲಿಯಾ, ಆ ಹುಡುಗ ಚೆಂಡು ಹಿಡಿಯೋದು ನೋಡಿದ್ರೆ, ಚೆಂಡು ತನ್ನ ಮನೆಗೆ ವಾಪಸ್ ಬಂತೇನೋ ಅನ್ಸುತ್ತೆ ಕಣೇ.’

ಇವರು ಸ್ಕೌಟ್ ಕೆಲಸ ಹಿಡಿದ ಇಪ್ಪತ್ತೆರಡು ವರ್ಷದಲ್ಲಿ ಇವರ ಬಾಯಲ್ಲಿ ಇಂಥ ಮಾತನ್ನು ನಾನು ಕೇಳಿಲ್ಲ. ನಿನ್ನ ಬಗ್ಗೆ ಕೇಳಿಲ್ಲ. ಯಾರ ಮನೆಯದೋ ಮಗ, ಹದಿನೇಳು ವರ್ಷದವನು, ನನಗೆ ಯಾವ ಕೆಡುಕೂ ಮಾಡದವನು, ಅವನ ಮೇಲೆ ನನಗೆ ಹುಟ್ಟಿದ್ದು ಶುದ್ಧ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರು ಕೊಟ್ಟು ನಿನ್ನ ಮುಂದೆ ಒಳ್ಳೆಯವಳಾಗಲು ಹೋಗುವುದಿಲ್ಲ.

ನಿಮ್ಮಪ್ಪನ ವರದಿಗಳನ್ನು ಟೈಪ್ ಮಾಡುವವಳು ನಾನೇ ಎಂಬುದು ನಿನಗೆ ಗೊತ್ತಿರುವುದೇ. ಅವರು ಪೆನ್ಸಿಲಿನಲ್ಲಿ ಗೀಚಿ ಕೊಡುತ್ತಾರೆ. ಆ ಬರಹವನ್ನು ಓದಬಲ್ಲವರು ಈ ಭೂಮಿಯ ಮೇಲೆ ನಾನೊಬ್ಬಳೇ. ಬ್ಯಾಟಿಗೆ ಇಷ್ಟು, ಕೈಗೆ ಇಷ್ಟು, ಕಾಲಿಗೆ ಇಷ್ಟು, ಕೊನೆಗೆ ಒಟ್ಟು ಅಂಕ. ಇಪ್ಪತ್ತರಿಂದ ಎಂಬತ್ತು. ಸೊನ್ನೆಯಿಂದ ಯಾಕೆ ಶುರುವಾಗುವುದಿಲ್ಲ, ನೂರಕ್ಕೆ ಯಾಕೆ ಮುಗಿಯುವುದಿಲ್ಲ ಎಂದು ಕೇಳಿ ಕೇಳಿ ಸೋತೆ; ‘ಅದು ಹಾಗೇ ಕಣೇ’ ಎನ್ನುವುದರ ಹೊರತು ಉತ್ತರವಿಲ್ಲ. ಒಟ್ಟು ಐವತ್ತು ದಾಟಿದರೆ ಹುಡುಗನ ಹೆಸರು ಕಚೇರಿಯ ಗೋಡೆಗೆ ಹೋಗುತ್ತದೆ, ಅವನನ್ನು ಇನ್ನೊಮ್ಮೆ ನೋಡಲು ದೊಡ್ಡ ಸ್ಕೌಟ್ ಬರುತ್ತಾನೆ. ಐವತ್ತರ ಕೆಳಗಿದ್ದರೆ ಪೆಟ್ಟಿಗೆಗೆ ಹೋಗುತ್ತದೆ, ಯಾರೂ ಬರುವುದಿಲ್ಲ. ನೀನು ಹದಿನೆಂಟಾದಾಗ ನಿನ್ನ ವರದಿಯನ್ನೂ ಇವರೇ ಬರೆದರು, ನಾನೇ ಟೈಪ್ ಮಾಡಿದೆ. ಅಂದಿನಿಂದ ಪ್ರತಿ ಕ್ರಿಸ್ಮಸ್‌ಗೂ ನೀನು ಅಡುಗೆಮನೆಗೆ ಬಂದು ನನ್ನ ಏಪ್ರನ್ನಿನ ದಾರ ಎಳೆಯುತ್ತಾ ಕೇಳುವುದುಂಟು: ‘ಅಮ್ಮಾ, ಅಪ್ಪ ನನಗೆ ಎಷ್ಟು ಕೊಟ್ಟಿದ್ರು ಹೇಳಮ್ಮಾ.’ ನಾನು ಪ್ರತಿ ಸಲವೂ ಮರೆತುಹೋಯಿತು ಎಂದಿದ್ದೇನೆ. ಸ್ಕೌಟಿನ ಮಗ ಅಂತ ಮುಖ ನೋಡಿ ಕೊನೆಯ ಸುತ್ತುಗಳಲ್ಲಿ ತಗೊಂಡ್ರು ಎಂದು ನಿನ್ನನ್ನು ಆಡಿಕೊಂಡವರ ಮಾತು ನಿನ್ನನ್ನು ಇನ್ನೂ ಚುಚ್ಚುತ್ತದೆಂದು ನನಗೆ ತಿಳಿಯದೆ ಇಲ್ಲ.

ಕರ್ಟಿಸನ ವರದಿಯಲ್ಲಿ ಇವರು ಬರೆದಿದ್ದ ಒಟ್ಟು ಅಂಕ ಐವತ್ತೆಂಟು. ಅದರ ಕೆಳಗೆ ಒಂದು ಸಾಲು: ‘ಇವನನ್ನು ತೆಗೆದುಕೊಂಡರೆ ಹತ್ತು ವರ್ಷ ನಮಗೆ ಬೇರೆ ಕ್ಯಾಚರ್ ಬೇಕಾಗುವುದಿಲ್ಲ.’ ಬೇರೆ ಕ್ಯಾಚರ್ ಬೇಕಾಗುವುದಿಲ್ಲ ಎಂದು ಬರೆಯುವಾಗ ಈ ಮನುಷ್ಯನಿಗೆ ತನ್ನ ಮಗನೂ ಅದೇ ಕ್ಲಬ್ಬಿನಲ್ಲಿ ಅದೇ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂಬತ್ತು ವರ್ಷದಿಂದ ಮೊಣಕಾಲು ಸವೆಸುತ್ತಿದ್ದಾನೆ ಎಂಬುದು ನೆನಪಾಗಲಿಲ್ಲವೇ? ನನ್ನ ಟೈಪ್‌ರೈಟರಿನಲ್ಲಿ ನಾಲ್ಕು ಮತ್ತು ಐದು ಅಕ್ಕಪಕ್ಕದ ಕೀಲಿಗಳು. ಬೆರಳು ನಾಲ್ಕರ ಮೇಲೆ ಬಿತ್ತು. ಜಾರಿತು ಎಂದು ಬರೆಯಬಹುದಿತ್ತು. ಜಾರಲಿಲ್ಲ ಗೇಲನ್, ನಾನೇ ಇಟ್ಟೆ. ಆ ಒಂದು ಸಾಲನ್ನು ಟೈಪ್ ಮಾಡಲೇ ಇಲ್ಲ. ಲಕೋಟೆಗೆ ಅಂಟು ಹಚ್ಚಿ, ಅಂಚೆ ಡಬ್ಬಿಗೆ ಹಾಕಿ ಬಂದು, ಕೈ ತೊಳೆದುಕೊಂಡು ಬ್ರೆಡ್ಡಿನ ಹಿಟ್ಟು ನಾದಿದೆ.

ಏಪ್ರಿಲ್ ಪೂರ್ತಿ ನಿಮ್ಮಪ್ಪ ಆ ದೊಡ್ಡ ಸ್ಕೌಟ್ ಬರುತ್ತಾನೆಂದು ಕಾಯುತ್ತಿದ್ದಾರೆ ಎಂದುಕೊಂಡೆ. ಯಾರೂ ಬರಲಿಲ್ಲ. ಇವರು ಫೋನ್ ಮಾಡಿ ಕೇಳಲೂ ಇಲ್ಲ, ಮನೆಯಲ್ಲಿ ಆ ಹುಡುಗನ ಹೆಸರನ್ನೂ ಎತ್ತಲಿಲ್ಲ. ವಯಸ್ಸಾದವನ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ ಎಂದು ಒಳಗೊಳಗೇ ನೊಂದುಕೊಂಡಿದ್ದಾರೆ ಎಂದು ನಾನು ಲೆಕ್ಕ ಹಾಕಿ, ಅವರಿಗಿಷ್ಟವಾದ ನೂಡಲ್ ಸೂಪನ್ನು ವಾರಕ್ಕೆ ಮೂರು ಸಲ ಮಾಡಿದೆ. ಅಪರಾಧಕ್ಕೆ ಸೂಪು! ಕಳೆದ ಶನಿವಾರ ಪಾಪನಿವೇದನೆಗೂ ಹೋದೆ. ಜಾಲರಿಯ ಮುಂದೆ ಮಂಡಿಯೂರಿ, ಫಾದರ್, ಒಂದು ಕಾಗದದಲ್ಲಿ ಟೈಪಿಂಗ್ ತಪ್ಪಾಯಿತು ಎಂದೆ. ಆ ಒಳ್ಳೆಯ ಮುದುಕ ನಕ್ಕುಬಿಟ್ಟರು. ‘ಟೈಪಿಂಗ್ ತಪ್ಪು ಪಾಪ ಅಲ್ಲಮ್ಮಾ, ನಮ್ಮ ಚರ್ಚಿನ ವಾರದ ಕರಪತ್ರ ನೋಡಿಲ್ವಾ ನೀವು’ ಎಂದು ಕಳಿಸಿಬಿಟ್ಟರು. ಒಯ್ದ ಭಾರವನ್ನು ಹಾಗೇ ಹೊತ್ತು ಬಂದೆ.

ನಿನ್ನೆ ಮಧ್ಯಾಹ್ನ ಇವರು ಪೆಟ್ರೋಲ್ ಹಾಕಿಸಲು ಹೋಗಿದ್ದಾಗ ಫೋನ್ ಬಂತು. ಕಚೇರಿಯದೆಂದು ಎತ್ತಿದೆ. ಒಂದು ಎಳೆಯ ಗಂಡು ದನಿ. ‘ಮೇಡಂ, ನಾನು ಕರ್ಟಿಸ್ ಹಾರ್ಜೊ. ಏನಿಲ್ಲ ಮೇಡಂ, ನಮ್ಮನೆ ಫೋನ್ ಸರಿ ಇದೆಯಾ ಅಂತ ನೋಡೋಕೆ ಮಾಡ್ದೆ. ಸ್ಕೌಟ್ ಸರ್ ಕೊಟ್ಟಿದ್ದು ಬಿಟ್ರೆ ಬೇರೆ ಯಾರ ನಂಬರೂ ನನ್ ಹತ್ರ ಇಲ್ಲ.’ ಸರಿ ಇದೆಯಪ್ಪಾ, ಚೆನ್ನಾಗಿ ಕೇಳಿಸುತ್ತಿದೆ ಎಂದೆ. ‘ಹಾಗಾದ್ರೆ ಸರಿ ಮೇಡಂ. ಬೇಗ ಇಡ್ತೀನಿ, ಅಷ್ಟರಲ್ಲಿ ಯಾರಾದ್ರೂ ಮಾಡಿದ್ರೆ ಎಂಗೇಜ್ ಬರುತ್ತೆ’ ಎಂದು ಇಟ್ಟ. ಹಿಂದೆ ಅವನ ಅಮ್ಮನೋ ಅಜ್ಜಿಯೋ ‘ಏನಂದ್ರು, ಏನಂದ್ರು’ ಎನ್ನುತ್ತಿದ್ದುದು ಕೇಳಿಸಿತು. ಒಂಬತ್ತು ವರ್ಷದ ಹಿಂದೆ ಇದೇ ಫೋನಿನ ಪಕ್ಕ ಮೂರು ದಿನ ನೀನು ಕೂತಿದ್ದೆಯಲ್ಲ, ಸ್ನಾನಕ್ಕೂ ಏಳದೆ, ನಾನು ನಿನಗೆ ತಟ್ಟೆಯನ್ನು ಅಲ್ಲಿಗೇ ತಂದುಕೊಡುತ್ತಿದ್ದೆನಲ್ಲ. ಆ ತಾಯಿಯೂ ಹಾಗೇ ತಟ್ಟೆ ಹಿಡಿದು ನಿಂತಿರುತ್ತಾಳೆ. ಅವಳ ಮನೆಯ ಫೋನನ್ನು ಮೂಕವಾಗಿಸಿದವಳು ನಾನು. ಅವನನ್ನು ಕಂಡ ಸ್ಕೌಟ್ ನಿಮ್ಮಪ್ಪ ಒಬ್ಬರೇ. ಕಾರನ್ನು ಅಷ್ಟು ಚೆನ್ನಾಗಿ ಬಚ್ಚಿಟ್ಟಿದ್ದರು. ನಮ್ಮ ಕ್ಲಬ್ಬು ಕರೆಯದಿದ್ದರೆ ಇನ್ಯಾರೂ ಕರೆಯುವುದಿಲ್ಲ.

ಇಷ್ಟಾಗಿ ನಿನಗಾದರೂ ಉಪಕಾರವಾಯಿತೇ? ಇಲ್ಲ. ಜಾರ್ಜಿಯಾದವನನ್ನು ತಂದೇ ತಂದರು. ಯಾವ ಬಾಗಿಲಿಗೆ ನಾನು ಅಡ್ಡ ಕೂತೆನೋ ಅದರ ಪಕ್ಕದ ಬಾಗಿಲಿನಿಂದ ಕ್ಯಾಚರ್ ಬಂದ.

ಮತ್ತೆ ಫೋನು. ಇವರು ಇನ್ನೂ ಅಂಗಳದಲ್ಲಿ, ನಾನೇ ಎತ್ತಿದೆ.

ಮೂವತ್ತನೇ ಸುತ್ತು. ಕ್ಲಬ್ಬುಗಳು ಒಂದೊಂದಾಗಿ ‘ನಮಗೆ ಸಾಕು’ ಎಂದು ಹೇಳಿ ಏಳುತ್ತಿವೆಯಂತೆ. ನಮ್ಮದು ಇನ್ನೂ ಕೂತಿದೆ. ಅಂದರೆ ಈಗ ಹೋಗಿ ನಿಮ್ಮಪ್ಪನಿಗೆ ಹೇಳಿದರೆ, ಅವರು ಹೆಸರು ಆರಿಸುತ್ತಿರುವ ಕಚೇರಿಗೆ ಫೋನ್ ಮಾಡಿದರೆ, ಇನ್ನೂ ಸಮಯವಿದೆ. ಹೇಳಿದರೆ ಕರ್ಟಿಸ್ ಸೇರಿ ಕ್ಲಬ್ಬಿಗೆ ಕ್ಯಾಚರ್ ಒಬ್ಬ ಹೆಚ್ಚಾಗುತ್ತಾನೆ, ಆ ಹೆಚ್ಚಾದ ಒಬ್ಬ ನೀನೇ ಆಗಬಹುದು. ಹೇಳದಿದ್ದರೆ ನೀನು ಈ ಬೇಸಿಗೆ ಮುಗಿಯುವವರೆಗಾದರೂ ಆಡುತ್ತೀಯ, ಅವನು ನಾಳೆಯಿಂದ ಅವನಪ್ಪನ ಜೊತೆ ಪೈಪು ಬೆಸೆಯಲು ಹೋಗುತ್ತಾನೆ. ಬೆಳಿಗ್ಗೆಯಿಂದ ಮೂರು ಸಲ ಬಾಗಿಲ ತನಕ ಹೋಗಿ, ಮೂರು ಸಲ ಈ ಕಾಗದಕ್ಕೇ ವಾಪಸ್ಸು ಬಂದಿದ್ದೇನೆ. ನಲವತ್ತು ವರ್ಷ ಜೊತೆಗೆ ಬಾಳಿದವರ ಹತ್ತಿರ ಹೇಳಲಾಗದ್ದನ್ನು ಮಗನಿಗೆ ಬರೆಯುತ್ತಾ ಕೂತಿದ್ದೇನೆ ನೋಡು. ನೀನು ಇಲ್ಲೇ ಇದ್ದಿದ್ದರೆ ಏನನ್ನುತ್ತಿದ್ದೆ? ನಿನಗೆ ಬೇಕಾದ್ದು ನನಗೆ ಗೊತ್ತು, ಆದರೆ ನೀನು ಬಾಯಿಬಿಟ್ಟು ಹೇಳುವುದೂ ಗೊತ್ತು. ಅವೆರಡೂ ಒಂದೇ ಅಲ್ಲ, ಅದೇ ನನಗೆ ಸಂಕಟ.

ಇವರು ಅಂಗಳದಲ್ಲಿ ನಿಂತುಬಿಟ್ಟಿದ್ದಾರೆ. ನಡೆಯುವ ಮನುಷ್ಯ ನಿಂತರೆ ಇನ್ನೂ ಭಯ. ನಾನು ಹೋಗಿ ಹೇಳುತ್ತೇನೆ.

ದೇವರು ನಿನ್ನ ಎರಡೂ ಮೊಣಕಾಲುಗಳನ್ನು ಕಾಯಲಿ, ಕಾಗದದ ಮೇಲೂ ಕೆಳಗೂ. ನಿನ್ನ ಕೋಣೆಯ ಜೊತೆಗಾರನಿಗೆ ನನ್ನ ಪ್ರೀತಿ ಹೇಳು. ಹೋದ ಸಲದ ಬಿಯರಾಕ್ ಪೂರ್ತಿ ಅವನೇ ತಿಂದನೆಂದು ಕೇಳಿ ಖುಷಿಯಾಯಿತು, ಆದರೆ ಮುಂದಿನ ಸಲ ನೀನೂ ತಿನ್ನು.

ನಿನ್ನ ತಪ್ಪಿತಸ್ಥ ಅಮ್ಮ,
ರೋಸಾಲಿಯಾ

ಮರೆಯುವ ಮೊದಲು: ಇದನ್ನು ಪೆನ್ಸಿಲಿನಲ್ಲಿ, ಓಡುವ ಕಾರಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓಲಾಡಿದರೆ ಅದು ನಿಮ್ಮಪ್ಪನ ಡ್ರೈವಿಂಗು. ವಿಚಿಟಾದಲ್ಲಿ ಅಂಚೆಗೆ ಹಾಕುತ್ತೇನೆ. ಹೇಳಿದೆ. ಇವರು ಬೈಯಲಿಲ್ಲ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ಆ ವರದಿಯ ಕಾರ್ಬನ್ ಪ್ರತಿ. ನಾನು ಮನೆಯ ಕಾಗದದ ಪೆಟ್ಟಿಗೆಯಲ್ಲಿ ಹಾಕಿದ್ದನ್ನು ಏಪ್ರಿಲ್ಲಿನಲ್ಲೇ ನೋಡಿದ್ದಾರೆ, ಎರಡು ತಿಂಗಳು ಎದೆಯ ಮೇಲೆ ಇಟ್ಟುಕೊಂಡು ತಿರುಗಿದ್ದಾರೆ. ‘ಈ ನಂಬರು ನಮ್ಮ ಗೇಲನ್‌ದು ಅಲ್ವೇನೇ’ ಎಂದರು. ‘ನೋಡಿದ ತಕ್ಷಣ ಗೊತ್ತಾಯ್ತು. ಫೋನ್ ಮಾಡಿ ಸರಿ ಮಾಡ್ಬೇಕು ಅಂತ ದಿನಾ ಎದ್ದೆ, ದಿನಾ ಮಲಗ್ದೆ.’ ಅಂಗಳದಲ್ಲಿ ಇಬ್ಬರು ಮುದಿ ಕಳ್ಳರು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು. ಆಮೇಲೆ ಕಚೇರಿಗೆ ಫೋನ್ ಮಾಡಿದರು. ಅಷ್ಟರಲ್ಲಿ ನಮ್ಮ ಕ್ಲಬ್ಬೂ ಎದ್ದುಬಿಟ್ಟಿತ್ತು, ಮೂವತ್ತೆರಡಕ್ಕೆ. ಇವರು ‘ನನ್ನ ಕೈಬರಹದಿಂದ ಆದ ತಪ್ಪು’ ಎಂದರು, ನನ್ನ ಹೆಸರು ಎತ್ತಲಿಲ್ಲ. ಆ ಕಡೆಯವರು, ‘ಆಲ್ವಿನ್, ನೀನು ಐವತ್ತೆಂಟು ಅಂದ್ರೆ ನಂಗೂ ಐವತ್ತೆಂಟೇ. ಯಾರೂ ಆರಿಸಿಲ್ವಲ್ಲ, ಹೋಗಿ ಸಹಿ ಹಾಕಿಸ್ಕೊ. ಆದ್ರೆ ಒಬ್ಬ ಕ್ಯಾಚರ್‌ನ ಬಿಡ್ಬೇಕಾಗುತ್ತೆ, ಗೊತ್ತಲ್ವಾ’ ಎಂದರು. ಇವರು ಗೊತ್ತು ಎಂದರು. ಯಾರನ್ನು ಎಂದು ಕೇಳಲಿಲ್ಲ. ಈಗ ಸೆಮಿನೋಲಿಗೆ ಆರು ಗಂಟೆಯ ದಾರಿ, ಒಪ್ಪಂದದ ಕಾಗದ ನನ್ನ ತೊಡೆಯ ಮೇಲಿದೆ, ಆ ತಾಯಿಯ ಮುಂದೆ ನಾನೇ ನಿಂತು ನನ್ನ ಬೆರಳಿನ ವಿಷಯ ಹೇಳುತ್ತೇನೆ.

ಇನ್ನು ನೀನು ಪ್ರತಿ ಕ್ರಿಸ್ಮಸ್‌ಗೂ ಕೇಳಿದ್ದು. ನಲವತ್ತೆಂಟು, ಮಗನೇ. ಅವತ್ತು ಇವರು ಬರೆದರು, ನಾನು ಒಂದಂಕಿಯೂ ತಿದ್ದದೆ ಟೈಪ್ ಮಾಡಿದೆ, ಇಬ್ಬರೂ ಊಟ ಮಾಡಲಿಲ್ಲ. ನಿಮ್ಮಪ್ಪನ ಮುಖ ನೋಡಿಯೇ ನಿನ್ನನ್ನು ತೆಗೆದುಕೊಂಡರು, ಅದು ನಿಜ. ಆದರೆ ಈಗಷ್ಟೇ, ಹಚಿನ್‌ಸನ್ ದಾಟುವಾಗ, ಇವರು ರಸ್ತೆ ನೋಡುತ್ತಲೇ ಹೇಳಿದರು: ‘ನಾನು ನಲವತ್ತೆಂಟು ಬರೆದ ಹುಡುಗ್ರಲ್ಲಿ ಎರಡು ಬೇಸಿಗೆ ಉಳಿದವನು ಒಬ್ಬನೂ ಇಲ್ಲ. ಅವನು ಒಂಬತ್ತು ಉಳಿದ. ಇಪ್ಪತ್ತೆರಡು ವರ್ಷದಲ್ಲಿ ನಾನು ತಪ್ಪು ನೋಡಿದ್ದು ಒಬ್ಬನನ್ನೇ ಕಣೇ, ಅದೂ ನನ್ನ ಮನೆಯಲ್ಲೇ.’ ಮ್ಯಾನೇಜರ್ ಕರೆದು ಬಾಗಿಲು ಹಾಕು ಎಂದರೆ ಬಾಗಿಲು ಹಾಕು, ಆದರೆ ತಲೆ ಎತ್ತಿಕೊಂಡು ಹಾಕು. ಬೈಯುವುದಿದ್ದರೆ ನನಗೆ ಬೈ. ಇವರಿಗೆ ಬೇಡ, ಗಾಡಿ ಓಡಿಸುತ್ತಿದ್ದಾರೆ, ಕಣ್ಣೊರೆಸಿಕೊಳ್ಳಲು ಒಂದೇ ಕೈ ಇದೆ.